ಬೆಳಗ್ಗೆ ಹಿಟ್ಟು ಕಲಸೋಕೆ ಹತ್ತು ನಿಮಿಷ ಸಾಕು, ಪುಟ್ಟಿ

ಪ್ರೀತಿಯ ಪುಟ್ಟಿ,

ನೀನು ಬೆಳಗ್ಗೆ ಏನೂ ತಿನ್ನದೆ ಬಸ್ಸು ಹತ್ತುತ್ತೀಯ ಅಂತ ಅಮ್ಮ ಹೇಳಿದಳು. ಹತ್ತೂವರೆಗೆ ಕ್ಯಾಂಟೀನಿನಲ್ಲಿ ವಡಾಪಾವ್, ಇಲ್ಲದಿದ್ದರೆ ಚಹಾ ಬಿಸ್ಕತ್ತು. ಪುಣೆಯ ಕೋಥ್ರೂಡಿನಿಂದ ಹಿಂಜವಡಿಯ ಆಫೀಸಿಗೆ ಆ ಟ್ರಾಫಿಕ್ಕಿನಲ್ಲಿ ಖಾಲಿ ಹೊಟ್ಟೆಯಲ್ಲಿ ಕೂತು ಹೋಗೋದು ಅಂದ್ರೆ ನನಗೆ ಇಲ್ಲಿ ಸಂಕಟವಾಗುತ್ತದೆ. ಫೋನಿನಲ್ಲಿ ಹೇಳಿದರೆ 'ಆಯ್ತು ಅಪ್ಪ' ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬೆಳಗ್ಗೆ ಬೇಗ ಆಗುವ ದೋಸೆಯ ಬಗ್ಗೆ ಬರೆಯುತ್ತಿದ್ದೇನೆ. ನಿಧಾನಕ್ಕೆ ಓದು, ತೆಗೆದಿಟ್ಟುಕೋ.

ಹೋದ ಸಲದ ರಿಪೋರ್ಟಿನಲ್ಲಿ ನಿನ್ನ ಹಿಮೋಗ್ಲೋಬಿನ್ 10.4 ಇತ್ತು. ಹೆಂಗಸರಿಗೆ 12 ಆದರೂ ಇರಬೇಕು. ಡಾಕ್ಟರ್ ಕೊಟ್ಟ ಮಾತ್ರೆ ಬಿಡಬೇಡ, ದೋಸೆ ಮಾತ್ರೆಯ ಕೆಲಸ ಮಾಡುವುದಿಲ್ಲ. ಆದರೆ ದಿನಾ ಬೆಳಗ್ಗೆ ಹೊಟ್ಟೆಗೆ ಸರಿಯಾದ್ದು ಬೀಳದೆ ಬರೀ ಮಾತ್ರೆಯ ಮೇಲೆ ಎಷ್ಟು ದಿನ ಇರ್ತೀಯ?

ನೀನು ಕಳಿಸಿದ ಪ್ಯಾನ್‌ಕೇಕ್ ಮಿಕ್ಸಿನ ಫೋಟೋ ನೋಡಿದೆ. ಮುಂದೆ ದೊಡ್ಡ ಅಕ್ಷರದಲ್ಲಿ ರಾಗಿ ಅಂತ ಇದೆ. ಪ್ಯಾಕೆಟ್ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದು. ಯಾವುದು ತೂಕದಲ್ಲಿ ಜಾಸ್ತಿ ಇದೆಯೋ ಅದನ್ನೇ ಮೊದಲು ಬರೆಯಬೇಕು, ಆಮೇಲೆ ಇಳಿಕೆಯ ಕ್ರಮದಲ್ಲಿ ಉಳಿದದ್ದು, ಅಂತ ನಮ್ಮ ದೇಶದಲ್ಲಿ ನಿಯಮ ಇದೆ. ಮೊದಲು ಮೈದಾ, ಆಮೇಲೆ ಸಕ್ಕರೆ, ರಾಗಿ ನಾಲ್ಕನೆಯದೋ ಐದನೆಯದೋ ಆಗಿದ್ದರೆ ನೀನು ದುಡ್ಡು ಕೊಡುತ್ತಿರುವುದು ಮೈದಾಕ್ಕೆ ಮತ್ತು ಸಕ್ಕರೆಗೆ. ಅದೇ ದುಡ್ಡಿಗೆ ಒಳ್ಳೆಯ ಹಿಟ್ಟು ಮೂರು ಬಗೆಯದು ಬರುತ್ತದೆ.

ಆ ಮಿಕ್ಸನ್ನು ಮನೆಯಲ್ಲೇ ಮಾಡಿಡು. ಗೋಧಿ ಹಿಟ್ಟು ಎರಡು ಕಪ್, ರಾಗಿ ಹಿಟ್ಟು ಒಂದು ಕಪ್, ಅಕ್ಕಿ ಹಿಟ್ಟು ಅರ್ಧ ಕಪ್. ಸ್ವಲ್ಪ ಜೀರಿಗೆ. ಎಲ್ಲಾ ಸೇರಿಸಿ ಒಂದು ಒಣಗಿದ ಡಬ್ಬಿಗೆ ಹಾಕಿಡು. ಉಪ್ಪು ಕಲಸುವಾಗ ಹಾಕಿದರೆ ಸಾಕು, ಆಗ ಅದೇ ಡಬ್ಬಿಯಿಂದ ಸಿಹಿಯದ್ದೂ ಮಾಡಬಹುದು. ರಾಗಿ ಅಲ್ಲಿ ಎಲ್ಲಾ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ನಾಚಣಿ ಪೀಠ ಅಂತ ಕೇಳು. ಒಂದೇ ಸಲ ರಾಶಿ ಮಾಡಿಡಬೇಡ. ತೌಡು ಇರುವ ಹಿಟ್ಟಿನಲ್ಲಿ ಎಣ್ಣೆಯ ಅಂಶ ಇರುತ್ತದೆ, ಹಳತಾದರೆ ಕಮಟು ವಾಸನೆ ಬರುತ್ತದೆ. ಒಂದು ತಿಂಗಳಿಗೆ ಆಗುವಷ್ಟು ಸಾಕು, ಮಳೆಗಾಲದಲ್ಲಿ ಫ್ರಿಜ್ಜಿನಲ್ಲಿಡು, ಇಲ್ಲಾಂದ್ರೆ ಹುಳು ಬೀಳುತ್ತದೆ.

ಈ ಮೂರೂ ಯಾಕೆ ಅಂದರೆ, ರಾಗಿಗೆ ತನ್ನದೇ ಅಂಟು ಇಲ್ಲ. ಬರೀ ರಾಗಿ ಹೊಯ್ದರೆ ಎಬ್ಬಿಸುವಾಗ ಹರಿದುಹೋಗುತ್ತದೆ. ಗೋಧಿಯ ಅಂಟು ಅದನ್ನು ಹಿಡಿದಿಡುತ್ತದೆ. ಬರೀ ಗೋಧಿಯಾದರೆ ಮೆತ್ತಗೆ, ತಣ್ಣಗಾದ ಮೇಲೆ ಜಗಿಯೋಕೇ ಆಗಲ್ಲ, ಅಕ್ಕಿ ಹಿಟ್ಟು ಸೇರಿದರೆ ಅಂಚು ಗರಿಯಾಗುತ್ತದೆ. ಮತ್ತೆ ರಾಗಿಯ ಕ್ಯಾಲ್ಸಿಯಂ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇರುತ್ತದೆ, ಅಷ್ಟೇ ಹಾಲಿನಲ್ಲಿ 120ರ ಹತ್ತಿರ. ನೀನು ಹಾಲು ಕುಡಿಯುವುದಿಲ್ಲ, ಚಿಕ್ಕಂದಿನಿಂದಲೂ ಇಲ್ಲ. ಈ ಮಿಕ್ಸ್ ಒಂದು ಕಪ್ ತಗೊಂಡರೆ ಅದರಲ್ಲಿರುವ ರಾಗಿಯಿಂದಲೇ ಒಂದು ಸಣ್ಣ ಲೋಟ ಹಾಲಿನಷ್ಟು ಕ್ಯಾಲ್ಸಿಯಂ ಸಿಕ್ಕಿತು.

ಈಗ ಬೆಳಗ್ಗೆಯ ಕೆಲಸ. ಎದ್ದ ತಕ್ಷಣ, ಹಲ್ಲುಜ್ಜುವ ಮೊದಲೇ, ಒಂದು ಕಪ್ ಹಿಟ್ಟಿಗೆ ಕಾಲು ಕಪ್ ಮೊಸರು, ಉಪ್ಪು, ಸುಮಾರು ಒಂದೂಕಾಲು ಕಪ್ ನೀರು ಹಾಕಿ ಕಲಸಿಬಿಡು. ನೀರು ಒಂದೇ ಸಲ ಸುರಿಯಬೇಡ, ಮೊದಲು ಅರ್ಧ ಹಾಕಿ ಗಂಟು ಒಡೆದುಕೋ, ಆಮೇಲೆ ಉಳಿದದ್ದು. ಸೌಟಿನಿಂದ ಬಿಟ್ಟರೆ ಹಿಟ್ಟು ಸಲೀಸಾಗಿ ಇಳಿಯಬೇಕು, ಮುದ್ದೆಯಾಗಿ ಬೀಳಬಾರದು. ಮುಚ್ಚಿಟ್ಟು ಸ್ನಾನಕ್ಕೆ ಹೋಗು.

ಕಲಸಿದ ಹಿಟ್ಟನ್ನು ಹತ್ತು ನಿಮಿಷ ಹಾಗೇ ಬಿಡಲೇಬೇಕು. ಹೋಟೆಲಿಗೆ ಹೊಸದಾಗಿ ಸೇರುವ ಹುಡುಗರಿಗೂ ನಾನು ಮೊದಲು ಹೇಳುವುದು ಇದನ್ನೇ. ರಾಗಿ ಮತ್ತು ಗೋಧಿಯ ತೌಡು ನೀರು ಕುಡಿಯುವುದು ನಿಧಾನ. ಕಲಸಿದ ಕೂಡಲೇ ಹೊಯ್ದರೆ ಮೇಲೆ ಬೆಂದಂತೆ ಕಾಣುತ್ತದೆ, ಒಳಗೆ ಹಸಿ ಹಿಟ್ಟು ನಾಲಿಗೆಗೆ ಮರಳು ಮರಳಾಗಿ ಸಿಗುತ್ತದೆ. ಬಿಟ್ಟರೆ ಹಿಟ್ಟು ಅರಳುತ್ತದೆ, ಗಟ್ಟಿಯೂ ಆಗುತ್ತದೆ, ಆಗ ಇನ್ನೊಂದೆರಡು ಚಮಚ ನೀರು ಬೇಕಾಗಬಹುದು. ಇನ್ನೊಂದು ಮಾತು, ಗಂಟು ಒಡೆದ ಮೇಲೆ ಗೊಟಾಯಿಸುತ್ತಾ ನಿಲ್ಲಬೇಡ. ಜಾಸ್ತಿ ತಿರುವಿದಷ್ಟೂ ಗೋಧಿಯ ಅಂಟು ಬಲಿಯುತ್ತದೆ, ದೋಸೆ ಚರ್ಮದ ಹಾಗೆ ಆಗುತ್ತದೆ.

ಉದ್ದಿನ ದೋಸೆಗೆ ಈ ಅವಸರ ಆಗಲ್ಲ. ಇಲ್ಲಿ ಮುಂಬಯಿಯ ಸೆಕೆಗೆ ರಾತ್ರಿ ರುಬ್ಬಿಟ್ಟ ಹಿಟ್ಟು ಬೆಳಗಾಗುವಷ್ಟರಲ್ಲಿ ಪಾತ್ರೆ ಮೀರಿ ಉಕ್ಕುತ್ತದೆ, ಮೇ ತಿಂಗಳಲ್ಲಂತೂ ಹುಳಿಯನ್ನು ತಡೆಯುವುದೇ ಹೋಟೆಲಿನಲ್ಲಿ ನಮಗೆ ದೊಡ್ಡ ಕೆಲಸ. ಪುಣೆಯಲ್ಲಿ ಡಿಸೆಂಬರ್ ಜನವರಿಯ ಚಳಿಗೆ ಅದೇ ಹಿಟ್ಟು ಮಧ್ಯಾಹ್ನವಾದರೂ ಮಿಸುಕಾಡುವುದಿಲ್ಲ. ನಿನ್ನ ಹಿಟ್ಟು ಉಬ್ಬಲಿಲ್ಲ ಅಂತ ನೀನು ಅಮ್ಮನ ಹತ್ತಿರ ಬೇಜಾರು ಮಾಡಿಕೊಂಡೆಯಂತೆ. ಅದು ನಿನ್ನ ಕೈಗುಣ ಅಲ್ಲ, ಅಲ್ಲಿನ ಹವೆ. ಚಳಿ ಹೋಗುವ ತನಕ ಹುದುಗು ಬೇಡದ ದೋಸೆಗಳನ್ನೇ ಮಾಡು. ಆ ಕಡೆಯವರೂ ಮಾಡುವುದು ಅದನ್ನೇ ಅಲ್ವಾ? ಕಡಲೆಹಿಟ್ಟಿನ ಧಿರಡೆ, ಭಾಜಣಿಯ (ಹುರಿದ ಧಾನ್ಯಗಳ ಹಿಟ್ಟಿನ) ಥಾಲಿಪೀಠ, ಕೊಂಕಣದ ಘಾವಣ. ನಿನ್ನ ರೂಮಿನ ರತ್ನಾಗಿರಿ ಹುಡುಗಿಯ ಹತ್ತಿರ ಘಾವಣ ಹೇಗೆ ಹೊಯ್ಯುತ್ತಾರೆ ಅಂತ ಕೇಳು. ನಾವು ಅಕ್ಕಿ ನೆನೆಸಿ ರುಬ್ಬಿ ನೀರುದೋಸೆ ಹೊಯ್ಯುತ್ತೇವೆ, ಅವರು ಅಕ್ಕಿ ಹಿಟ್ಟನ್ನೇ ನೀರಿಗೆ ಹಾಕುತ್ತಾರೆ. ಉಳಿದಂತೆ ಎರಡಕ್ಕೂ ಹೆಚ್ಚು ದೂರವಿಲ್ಲ.

ಕಾವಲಿ ಕಾಯುವುದರ ಬಗ್ಗೆ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಯಾಕಂದ್ರೆ ಎಲ್ಲರೂ ಸೋಲುವುದು ಅಲ್ಲೇ. ನಿನ್ನ ಹತ್ತಿರ ಇಂಡಕ್ಷನ್ ಒಲೆ ಇದೆ. ಅದರ ಮೇಲೆ ಅಲ್ಯೂಮಿನಿಯಂ ಕಾಯುವುದಿಲ್ಲ, ಕಬ್ಬಿಣ ಕಾಯುತ್ತದೆ, ಆದರೆ ತಳ ಚಪ್ಪಟೆ ಇರಬೇಕು. ಅಲ್ಲಿ ಬಿಸಿ ನಡುಮಧ್ಯಕ್ಕೆ ಬಡಿಯುತ್ತದೆ, ಅಂಚಿಗೆ ಹೋಗಲು ಹೊತ್ತು ಬೇಕು. ಆದ್ದರಿಂದ ಶುರುವಿನಲ್ಲೇ ಜೋರಾಗಿ ಇಡಬೇಡ, ಮಧ್ಯಮದಲ್ಲಿಟ್ಟು ನಾಲ್ಕೈದು ನಿಮಿಷ ಕಾಯಿಸು. ನೀರು ಚಿಮುಕಿಸು. ಚುಂಯ್ ಅಂದು ಆರಿದರೆ ಸರಿ. ಹನಿ ಆರದೆ ಮುತ್ತಾಗಿ ಓಡಾಡಿದರೆ ಕಾವು ಮಿತಿ ಮೀರಿದೆ. ಆಗ ಹೊಯ್ದರೆ ಹಿಟ್ಟು ಕಾವಲಿಗೆ ಹಿಡಿಯದೆ ಸೌಟಿಗೇ ಅಂಟಿಕೊಂಡು ಬರುತ್ತದೆ. ಹೋಟೆಲಿನಲ್ಲಿ ಪ್ರತಿ ದೋಸೆಗೂ ಮೊದಲು ನೀರು ಚಿಮುಕಿಸಿ ಪೊರಕೆಯಿಂದ ಎಳೆಯುವುದು ನೋಡಿದ್ದೀಯಲ್ಲ, ಅದು ಬರೀ ಸ್ವಚ್ಛ ಮಾಡೋಕೆ ಅಲ್ಲ, ಕಾವು ಇಳಿಸುವುದಕ್ಕೆ. ನೀನು ಒದ್ದೆ ಬಟ್ಟೆಯಲ್ಲಿ ಒಂದು ಸಲ ಒರೆಸಿದರೆ ಸಾಕು. ಆಮೇಲೆ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಸವರು. ಒಂದು ಸೌಟು ಹಿಟ್ಟು ನಡುವೆ ಹಾಕಿ ಸೌಟಿನ ತಳದಿಂದ ಮೆಲ್ಲಗೆ ಹರಡು, ಒತ್ತಬೇಡ. ಮುಚ್ಚಳ ಮುಚ್ಚು. ಮೇಲಿನ ಹಸಿ ಬಣ್ಣ ಹೋಗಿ ಅಂಚು ತಾನಾಗಿ ಎದ್ದಾಗ ಸಟ್ಟುಗ ಹಾಕು. ಅದು ಏಳುವ ಮೊದಲೇ ಕೆರೆಯಲು ಹೋದರೆ ಹರಿಯುತ್ತದೆ.

ಹಿಟ್ಟಿಗೆ ಏನಾದರೂ ಸೊಪ್ಪು ಸೇರಿಸು. ಚಳಿಗಾಲದಲ್ಲಿ ಪುಣೆಯ ಮಂಡಿಯಲ್ಲಿ ಮೆಂತ್ಯೆ ಸೊಪ್ಪು ಎಷ್ಟು ಚೆನ್ನಾಗಿರುತ್ತದೆ, ಒಂದು ಹಿಡಿ ಹೆಚ್ಚಿ ಹಾಕು. ನುಗ್ಗೆ ಸೊಪ್ಪು ಸಿಕ್ಕಿದರೆ ಇನ್ನೂ ಒಳ್ಳೆಯದು. ರಾತ್ರಿಯೇ ಬಿಡಿಸಿ ತೊಳೆದು ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟರೆ ಬೆಳಗ್ಗೆ ಗಡಿಬಿಡಿ ಇಲ್ಲ. ತಿನ್ನುವಾಗ ಚಟ್ನಿಗೆ ಅರ್ಧ ನಿಂಬೆಹಣ್ಣು ಹಿಂಡಿಕೋ. ಸೊಪ್ಪಿನಲ್ಲಿರುವ ಕಬ್ಬಿಣದ ಅಂಶ ಮೈಗೆ ಹತ್ತುವುದಕ್ಕೆ ನಿಂಬೆಯ ಹುಳಿ ಸಹಾಯ ಮಾಡುತ್ತದೆ. ಚಹಾ ಇದಕ್ಕೆ ಉಲ್ಟಾ. ತಿಂಡಿಯ ಜೊತೆ ಚಹಾ ಕುಡಿದರೆ ಆ ಅಂಶ ಮೈಗೆ ಸೇರದ ಹಾಗೆ ತಡೆಯುತ್ತದೆ. ಬಿಡು ಅಂತ ಹೇಳುತ್ತಿಲ್ಲ, ಚಹಾ ಇಲ್ಲದೆ ನನಗೂ ಬೆಳಗಾಗುವುದಿಲ್ಲ. ತಿಂದು ಒಂದು ಗಂಟೆ ಬಿಟ್ಟು, ಆಫೀಸಿಗೆ ಹೋಗಿಯೇ ಕುಡಿ. ಮಾತ್ರೆಯನ್ನಂತೂ ಚಹಾದ ಜೊತೆ ನುಂಗಲೇಬೇಡ.

ನಿನಗೆ ಪ್ಯಾನ್‌ಕೇಕೇ ಬೇಕು ಅನ್ನಿಸುವ ದಿನ ಇರುತ್ತದೆ, ಗೊತ್ತು. ಆವತ್ತು ಚೆನ್ನಾಗಿ ಕಳಿತ ಬಾಳೆಹಣ್ಣು ತಗೋ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದಿರಬೇಕು. ಏಲಕ್ಕಿ ಬಾಳೆಯಾದರೆ ಎರಡು. ಫೋರ್ಕಿನಲ್ಲಿ ಕಿವುಚಿ ಅದಕ್ಕೆ ಒಂದು ಮೊಟ್ಟೆ ಒಡೆದು ಹಾಕಿ ಕಲಕು. ಮೊಟ್ಟೆ ಬೇಡದ ದಿನ ಮೂರು ಚಮಚ ಮೊಸರು. ಡಬ್ಬಿಯ ಹಿಟ್ಟು ಒಂದು ಕಪ್, ಚಿಟಿಕೆ ಉಪ್ಪು, ಏಲಕ್ಕಿ ಪುಡಿ, ಒಂದು ಸಣ್ಣ ಚಮಚ ಬೇಕಿಂಗ್ ಪೌಡರ್, ಮುಕ್ಕಾಲು ಕಪ್ ಹಾಲು. ಹಾಲು ಕುಡಿಯದಿದ್ದರೂ ಇದರಲ್ಲಿ ನಿನಗೆ ಗೊತ್ತಾಗುವುದಿಲ್ಲ. ಬೇಕಿಂಗ್ ಪೌಡರ್ ಇಲ್ಲದೆ ಅಡಿಗೆ ಸೋಡಾ ಹಾಕುವುದಾದರೆ ಕಾಲು ಚಮಚ ಮಾತ್ರ, ಮತ್ತು ಮೊಸರು ಇರಲೇಬೇಕು. ಸೋಡಾಕ್ಕೆ ಹುಳಿ ಸಿಕ್ಕಿದರೆ ಮಾತ್ರ ಚೆನ್ನಾಗಿ ಉಬ್ಬುವುದು, ಇಲ್ಲಾಂದ್ರೆ ಬಾಯಲ್ಲಿ ಸೋಪಿನ ರುಚಿ ಉಳಿಯುತ್ತದೆ. ಪೌಡರಿನಲ್ಲಿ ಆ ಹುಳಿ ಮೊದಲೇ ಸೇರಿರುತ್ತದೆ. ಸಕ್ಕರೆ ಬೇಡ, ಹಣ್ಣಿನ ಸಿಹಿ ಸಾಕು. ಬೇಕಾದರೆ ಮೇಲೆ ಜೋನಿಬೆಲ್ಲ ಹಾಕಿಕೋ.

ಇದಕ್ಕೆ ಕಾವು ದೋಸೆಗಿಂತ ಕಮ್ಮಿ ಇರಬೇಕು. ಹಣ್ಣಿನ ಸಕ್ಕರೆ ಬೇಗ ಕಂದುತ್ತದೆ, ಒಳಗೆ ಬೇಯುವ ಮೊದಲೇ ತಳ ಸೀದಿರುತ್ತದೆ. ಅಂಗೈ ಅಗಲಕ್ಕೆ ಹೊಯ್ಯಿ, ಹರಡಬೇಡ. ಮೇಲೆ ಗುಳ್ಳೆ ಎದ್ದು ಒಡೆದು ತೂತು ಹಾಗೇ ಉಳಿದಾಗ ಮಗುಚು. ಒಂದೇ ಸಲ ಮಗುಚು, ಮೇಲಿಂದ ಒತ್ತಿ ಚಪ್ಪಟೆ ಮಾಡಬೇಡ, ಉಬ್ಬಿದ್ದೆಲ್ಲ ಹೋಗುತ್ತದೆ. ಮೂರು ನಾಲ್ಕು ಮಾಡಿ ಡಬ್ಬಿಗೆ ಹಾಕಿಕೊಂಡರೆ ಬಸ್ಸಿನಲ್ಲೇ ತಿನ್ನಬಹುದು, ಚಟ್ನಿ ಸಾಂಬಾರಿನ ರಗಳೆ ಇಲ್ಲ.

ಭಾನುವಾರ ಹೊತ್ತಿದ್ದರೆ ಹೆಸರುಬೇಳೆಯ ದೋಸೆ ಮಾಡು. ಶನಿವಾರ ರಾತ್ರಿ ನೆನೆಹಾಕಿ, ಬೆಳಗ್ಗೆ ಶುಂಠಿ ಹಸಿಮೆಣಸು ಹಾಕಿ ಮಿಕ್ಸಿಯಲ್ಲಿ ರುಬ್ಬಿದರೆ ಆಯಿತು, ಇದನ್ನೂ ಹುಳಿ ಬರಿಸಬೇಕಿಲ್ಲ. ನಿನ್ನಜ್ಜಿ ಕುಂದಾಪುರದಲ್ಲಿ ಇದಕ್ಕೆ ತೆಂಗಿನಕಾಯಿ ತುರಿಯನ್ನೂ ಸೇರಿಸಿ ರುಬ್ಬುತ್ತಿದ್ದರು. ಆ ರುಚಿ ಬೇರೆಯೇ.

ಚಿಕ್ಕಪ್ಪ ಶನಿವಾರ ಇಂದ್ರಾಯಣಿ ಎಕ್ಸ್‌ಪ್ರೆಸ್ಸಿನಲ್ಲಿ ಪುಣೆಗೆ ಬರುತ್ತಾರೆ. ಅವರ ಕೈಯಲ್ಲಿ ಮನೆಯ ಹಳೇ ಬೀಡಿನ ಕಾವಲಿ ಕಳಿಸುತ್ತಿದ್ದೇನೆ, ಚಪ್ಪಟೆ ತಳದ್ದೇ. ಎಣ್ಣೆ ಕುಡಿದು ಕುಡಿದು ಪಳಗಿದೆ, ಹೊಸದನ್ನು ಪಳಗಿಸುವ ಕಷ್ಟ ನಿನಗಿಲ್ಲ. ಜಾಸ್ತಿ ಭಾರ, ಸ್ಟೇಷನ್ನಿನಿಂದ ಆಟೋ ಮಾಡಿಕೊಂಡು ಹೋಗು. ಒಲೆಯ ಮೇಲೆ ಎಳೆದಾಡಬೇಡ, ಗಾಜು ಗೀರುತ್ತದೆ. ತೊಳೆದ ಕೂಡಲೇ ಒರೆಸಿ ಬಿಸಿ ಮಾಡಿ ತೆಳ್ಳಗೆ ಎಣ್ಣೆ ಸವರಿಡು, ಸಿಂಕಿನಲ್ಲಿ ನೀರಲ್ಲಿ ಬಿಟ್ಟರೆ ತುಕ್ಕು ಹಿಡಿಯುತ್ತದೆ. ರೂಮಿನ ಹುಡುಗಿಯರಿಗೂ ಇದನ್ನು ಹೇಳಿಡು. ಅದೇ ಚೀಲದಲ್ಲಿ ಅಮ್ಮನ ಚಟ್ನಿಪುಡಿ, ಮಾಟುಂಗದಿಂದ ತಂದ ಜೋನಿಬೆಲ್ಲದ ಬಾಟಲಿ ಇದೆ. ಬಾಟಲಿ ನೆಟ್ಟಗೆ ಹಿಡಿದುಕೋ.

ಭಾನುವಾರ ಮಾಡಿ ಫೋಟೋ ಕಳಿಸು. ಹರಿದರೂ ಕಳಿಸು, ಕಾವು ಜಾಸ್ತಿಯಾಯಿತೋ ನೀರು ಜಾಸ್ತಿಯಾಯಿತೋ ನೋಡಿ ಹೇಳುತ್ತೇನೆ.

ನಿನ್ನ
ಅಪ್ಪ