ಎಡೆದೊರೆ ನಾಡಿನ ಎರೆ ನೆಲ ಉಪ್ಪಾಗುತ್ತಿದೆ: ಜಲಸಂಪನ್ಮೂಲ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಾನು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತ. ನೀರು ಬಿಡಿ ಎಂಬ ಅರ್ಜಿಗಳು ನಿಮಗೆ ಸಾಕಷ್ಟು ಬಂದಿರುತ್ತವೆ. ನಾನು ಕೇಳುವುದು ನೀರು ಬಸಿದು ಹೋಗುವ ದಾರಿಯನ್ನು.

ಕೃಷ್ಣೆ, ತುಂಗಭದ್ರೆಯರ ನಡುವಿನ ನಮ್ಮ ಸೀಮೆಯನ್ನು ಶಾಸನಗಳು ಎಡೆದೊರೆ ಎನ್ನುತ್ತವೆ; ಎರಡು ತೊರೆಗಳ ಎಡೆಯ ನಾಡು. ಮುದಗಲ್ ಬಳಿಯ ಪಿಕ್ಲಿಹಾಳದಲ್ಲಿ ನಾಲ್ಕು ಸಾವಿರ ವರ್ಷಗಳಿಗೂ ಹಿಂದೆ ದನ ಸಾಕಿದವರ ಕುರುಹುಗಳಿವೆ. ದಕ್ಷಿಣದ ಆ ಮೊದಲ ಬೇಸಾಯಗಾರರು ಬಿತ್ತಿದ್ದು ಕೊರಲೆಯೆಂಬ ಕಿರುಧಾನ್ಯ, ಹುರುಳಿ, ಹೆಸರು. ಹೊಳೆ ಪಕ್ಕದಲ್ಲೇ ಇದ್ದರೂ ಅವರ ಬೆಳೆ ನಿಂತದ್ದು ಮಳೆಯ ಮೇಲೆ. ನಮ್ಮ ಎರೆ ಮಣ್ಣಿನ ಗುಣವೂ ಅದೇ. ಮುಂಗಾರಿನ ತೇವವನ್ನು ಒಡಲಲ್ಲಿಟ್ಟುಕೊಂಡು ಹಿಂಗಾರಿಯ ಬಿಳಿಜೋಳವನ್ನು ಬೆಳೆಸಿಕೊಡುತ್ತದೆ. ಇಂಥ ನೆಲಕ್ಕೆ ಅರಸರು ಕಣ್ಣು ಹಾಕದೆ ಬಿಟ್ಟಾರೆಯೇ? ಮಸ್ಕಿಯ ಬಂಡೆಯಲ್ಲಿ ಅಶೋಕನ ಹೆಸರಿದೆ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗಾಗಿ ಆದಿಲ್‌ಶಾಹಿಯೊಡನೆ ಕಾದಾಡಿದ.

1953ರಲ್ಲಿ ತುಂಗಭದ್ರಾ ಅಣೆಕಟ್ಟೆಯ ನೀರು ಬಂತು. ಉಪಕಾರವಾಯಿತು, ಅಲ್ಲವೆನ್ನುವುದಿಲ್ಲ. ಆದರೆ ಈ ಕಾಲುವೆಯನ್ನು ರೂಪಿಸಿದ್ದು ಬಹುಪಾಲು ಜೋಳ, ಶೇಂಗಾ, ಹತ್ತಿಯಂಥ ಕಡಿಮೆ ನೀರಿನ ಬೆಳೆಗಳಿಗಾಗಿ. ಮೇಲ್ಭಾಗದಲ್ಲಿ ಭತ್ತದ ಗದ್ದೆಗಳು ಹಬ್ಬಿದವು. ತೇವ ಬಿಟ್ಟುಕೊಡದ ಮಣ್ಣಿನಲ್ಲಿ ತಿಂಗಳುಗಟ್ಟಲೆ ನೀರು ನಿಂತರೆ ತಳದ ಜಲಮಟ್ಟ ಮೇಲೇರುತ್ತದೆ. ನೀರು ಆವಿಯಾಗುತ್ತದೆ, ಅದು ಹೊತ್ತು ತಂದ ಉಪ್ಪು ಮಾತ್ರ ಉಳಿಯುತ್ತದೆ. ಹೀಗೆ ಉಪ್ಪುಗಟ್ಟಿ, ನೀರು ನಿಂತು ಕೆಟ್ಟ ನೆಲವೇ ಸವಳು-ಜವಳು; ಗಂಗಾವತಿ, ಸಿಂಧನೂರು ಕಡೆ ಅದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಹೊಲ ಕೆಡುವಷ್ಟು ನೀರು, ಇಲ್ಲಿ ನಮ್ಮ ತೂಬಿನಲ್ಲಿ ಹುಲ್ಲು.

ಇನ್ನೊಂದು ಎಡೆದೊರೆಯೂ ಇತ್ತು. ಮೆಸಪೊಟೇಮಿಯಾ ಎಂದರೂ ನದಿಗಳ ನಡುವಿನ ನಾಡು ಎಂದೇ ಅರ್ಥ. ಟೈಗ್ರಿಸ್, ಯೂಫ್ರೆಟಿಸ್‌ಗಳ ಕೆಳಬಯಲಿನ ಸುಮೇರಿನಲ್ಲಿ ಕಾಲಕ್ರಮೇಣ ಗೋಧಿ ಹಿಂದೆ ಸರಿದು, ಉಪ್ಪನ್ನು ಹೆಚ್ಚು ತಾಳುವ ಬಾರ್ಲಿಯೇ ಮುಖ್ಯವಾಯಿತು. ಬಸಿಯದ ನೀರೇ ಇದಕ್ಕೆ ದೊಡ್ಡ ಕಾರಣ ಎಂಬ ವಾದವಿದೆ. ವಿದ್ವಾಂಸರು ಅದರ ಪ್ರಮಾಣದ ಬಗ್ಗೆ ಜಗಳವಾಡಲಿ. ನನಗೆ ಸಿಂಧನೂರಿನ ಬಿಳಿ ಕಟ್ಟಿದ ಹೊಲವೇ ಸಾಕ್ಷಿ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದಾಗ ಇಡೀ ಸರ್ಕಾರ ಹೊಸಪೇಟೆಗೆ ಓಡಿ ಬಂತು. ಒಂದೇ ವಾರದಲ್ಲಿ ತಾತ್ಕಾಲಿಕ ಗೇಟು ಕೂತಿತು. ಆ ಅವಸರದ ಕಾಲುಭಾಗ ಬಸಿಗಾಲುವೆಗಳಿಗೂ ಸಿಗಲಿ. ಮುಚ್ಚಿಹೋದ ಹಳ್ಳಗಳ ಹೂಳು ತೆಗೆಸಿ. ಮುಂದಿನ ನೀರಾವರಿ ಸಲಹಾ ಸಮಿತಿ ಸಭೆಯಲ್ಲಿ ನೀರು ಬಿಡುವ ದಿನಾಂಕದ ಜೊತೆಗೆ, ಯಾವ ವಿತರಣಾ ಕಾಲುವೆಯಲ್ಲಿ ಗೊತ್ತುಪಡಿಸಿದ ಬೆಳೆ ಎಷ್ಟು, ನಾಟಿಯಾದ ಭತ್ತ ಎಷ್ಟು ಎಂಬುದನ್ನೂ ಓದಿ ಹೇಳಿಸಿ. ಭತ್ತ ಬಿಟ್ಟು ಜೋಳಕ್ಕೆ ಮರಳುವವನಿಗೆ ಖರೀದಿ ಕೇಂದ್ರದಲ್ಲಿ ಬೆಲೆಯ ಭರವಸೆ ಇರಲಿ. ಅದಿಲ್ಲದೆ ಅವನನ್ನು ಬೈದು ಉಪಯೋಗವಿಲ್ಲ.

ತಮ್ಮ ವಿಶ್ವಾಸಿ,
ಕಾಲುವೆಯ ಕೊನೆಯ ಒಬ್ಬ ರೈತ