ಅಪ್ಪನ ಕೆರೆ ಹತ್ತಿರ ಸಿಕ್ಕ ಕಾಕಾ ಅವರಿಗೆ

ಕಾಕಾ, ಅವತ್ತು ಗಾಬರಿಯಲ್ಲಿ ನಿಮ್ಮ ಹೆಸರನ್ನೂ ಕೇಳಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಲಬುರಗಿಯ ಅಪ್ಪನ ಕೆರೆ ಹತ್ತಿರ, ಬೆಳಿಗ್ಗೆ ಬಿಸಿಲೇರುವ ಮೊದಲು, ಎರಡು ನಾಯಿಗಳನ್ನು ಹಿಡಿದುಕೊಂಡು ಅಳುವ ಹಾಗಾಗಿದ್ದವಳು ನಾನು.

ನಮ್ಮ ರಾಜಾಗೆ ಎಂಟು ವರ್ಷ. ಬೀದಿಯಿಂದ ಚಿನ್ನಿಯನ್ನು ತಂದ ದಿನದಿಂದ ಮನೆಯಲ್ಲಿ ಬರೀ ಜಗಳ. ರಾಜಾ ಗುರ್ ಅಂದಾಗಲೆಲ್ಲ ನಾನು ಗದರುತ್ತಿದ್ದೆ. ನೀವು ತಡೆದಿರಿ. "ಬೈಬ್ಯಾಡವ್ವ. ಗುರ್ ಅನ್ನೋದು ಅದರ ಮಾತು. ಅದನ್ನ ಬಿಡಿಸಿದ್ರ ಹೇಳದೇನೇ ಕಡೀತದ" ಅಂದಿರಿ. ಇಷ್ಟು ವರ್ಷ ನಾಯಿ ಸಾಕಿದರೂ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಆಮೇಲೆ ಚಿನ್ನಿಯ ಹಗ್ಗ ನೀವೇ ಹಿಡಿದಿರಿ. ಎದುರುಬದುರು ನಿಲ್ಲಿಸಲಿಲ್ಲ. ಹತ್ತು ಮಾರು ದೂರದಲ್ಲಿ ನಮ್ಮ ಸಮಕ್ಕೆ, ಒಂದೇ ದಿಕ್ಕಿಗೆ ನಡೆದಿರಿ. ಎರಡೂ ಸುಮ್ಮನಾದ ಹಾಗೆ ಸ್ವಲ್ಪ ಸ್ವಲ್ಪ ಹತ್ತಿರ ಬಂದಿರಿ. ಪೂರ್ತಿ ಒಂದು ತಾಸು, ನಿಮ್ಮ ಕೆಲಸ ಬಿಟ್ಟು! ಗುರುತಿಲ್ಲದವರಿಗೆ ಯಾರು ಇಷ್ಟು ಮಾಡ್ತಾರೆ?

ಈಗ ಊಟದ ತಟ್ಟೆ ಬೇರೆ ಬೇರೆ ಕೋಣೆಯಲ್ಲಿ. ಮಲಗುವ ಜಾಗವೂ ಬೇರೆ. ಜೊತೆಗಿದ್ದಾಗ ಚೆಂಡು ಕೊಡುವುದಿಲ್ಲ. ದಿನಾ ಒಟ್ಟಿಗೆ ನಡಿಗೆ. ಮೂರು ವಾರ ಹಿಡಿಯಿತು.

ನಿನ್ನೆ ಮಧ್ಯಾಹ್ನ ಎರಡೂ ಕೂಲರ್ ಮುಂದೆ ಬೆನ್ನಿಗೆ ಬೆನ್ನು ಕೊಟ್ಟು ಮಲಗಿದ್ದವು. ತುಂಬಾ ಹೊತ್ತು ನೋಡುತ್ತಾ ನಿಂತೆ. ನಿಮಗೆ ತೋರಿಸಬೇಕಿತ್ತು ಕಾಕಾ. ಶರಣು.