ಮಳೆ ಬಿಡಲಿ ಅಂತ ಕಾಯಬೇಡ

ಮಡಿಕೇರಿ
ಜೂನ್ ಮೊದಲ ವಾರ

ಪ್ರೀತಿಯ ಮಗನೇ,

ಆಶೀರ್ವಾದಗಳು. ಇಲ್ಲಿ ಎಲ್ಲರೂ ಕ್ಷೇಮ. ನೀನು ವಾಟ್ಸಾಪಿನಲ್ಲಿ ಕಳಿಸಿದ ರಿಪೋರ್ಟ್ ನೋಡಿದೆ. ಖಾಲಿ ಹೊಟ್ಟೆಯ ಸಕ್ಕರೆ 112, ಎಚ್‌ಬಿಎ1ಸಿ 6.1 (ಇದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಲೆಕ್ಕ), ಸೊಂಟದ ಸುತ್ತಳತೆ 96 ಸೆಂಟಿಮೀಟರ್. ‘ಶುಗರ್ ಇಲ್ಲವಂತೆ, ಬಾರ್ಡರ್ ಅಂತೆ’ ಎಂದು ಬರೆದಿದ್ದೀಯ. ಈ ‘ಬಾರ್ಡರ್’ ಅನ್ನುವ ಮಾತು ನನಗೆ ಸರಿಬರುವುದಿಲ್ಲ, ಕೇಳಿದವರು ನಿಶ್ಚಿಂತೆಯಿಂದ ಮಲಗಿಬಿಡುತ್ತಾರೆ. ಖಾಲಿ ಹೊಟ್ಟೆಯಲ್ಲಿ 100ರಿಂದ 125, ಎಚ್‌ಬಿಎ1ಸಿ 5.7ರಿಂದ 6.4 ಇದ್ದರೆ ಅದು ಮಧುಮೇಹದ ಮುಂಚಿನ ಹಂತ. 126 ಅಥವಾ 6.5 ಮುಟ್ಟಿದರೆ ಮಧುಮೇಹವೇ. ನಮ್ಮ ದೇಶದ ಗಂಡಸರಿಗೆ ಸೊಂಟ 90 ಸೆಂಟಿಮೀಟರಿನೊಳಗೆ ಇರಬೇಕು. ಈ ಹಂತದಲ್ಲಿ ಮಾಡಿದ ಕೆಲಸಕ್ಕೆ ಫಲ ಜಾಸ್ತಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಒಳಗೆ ಆಗುತ್ತಿರುವುದು ಏನು ಅಂತ ಮೊದಲು ತಿಳಿದುಕೋ. ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಮೇಲೆ ಅದರ ದೊಡ್ಡ ಪಾಲು ಸ್ನಾಯುಗಳಿಗೆ ಹೋಗಿ ಶೇಖರವಾಗಬೇಕು. ಕಣದಲ್ಲಿ ಒಣಗಿದ ಕಾಫಿ ಗೋದಾಮಿಗೆ ಹೋಗುವ ಹಾಗೆ ಅಂದುಕೋ. ಹೋದ ವರ್ಷದ ಮೂಟೆ ಹಾಗೇ ಇದ್ದರೆ ಈ ವರ್ಷದ ಕಾಫಿ ಕಣದಲ್ಲೇ ಬಿದ್ದಿರುತ್ತದೆ. ಸ್ನಾಯುವನ್ನು ದುಡಿಸದಿದ್ದರೆ ಅಲ್ಲಿನ ದಾಸ್ತಾನು ಖಾಲಿಯಾಗುವುದಿಲ್ಲ. ಜೊತೆಗೆ ಹೊಟ್ಟೆಯೊಳಗೆ, ಲಿವರಿನಲ್ಲಿ ಕೊಬ್ಬು ಸೇರಿದಷ್ಟೂ ಇನ್ಸುಲಿನ್ನಿನ ಮಾತು ನಡೆಯುವುದು ಕಡಿಮೆಯಾಗುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಕೆಲವು ವರ್ಷ ಸಂಭಾಳಿಸುತ್ತದೆ, ಆಮೇಲೆ ಸೋಲುತ್ತದೆ. ಸ್ನಾಯು ಕೆಲಸ ಮಾಡುವಾಗ ಮಾತ್ರ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ಸಕ್ಕರೆಯನ್ನು ತಾನೇ ಎಳೆದುಕೊಳ್ಳುತ್ತದೆ. ಕೆಲಸ ನಿಂತ ಮೇಲೂ ಒಂದರಿಂದ ಎರಡು ದಿನ ಇನ್ಸುಲಿನ್ನಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಆಮೇಲೆ ಆ ಗುಣ ಇಳಿದುಹೋಗುತ್ತದೆ. ಆದ್ದರಿಂದ ಭಾನುವಾರ ಒಂದೇ ದಿನ ತಡಿಯಂಡಮೋಳ್ ಬೆಟ್ಟ ಹತ್ತಿ ಬಂದು ಆರು ದಿನ ಜೀಪಿನಲ್ಲಿ ಕೂತರೆ ಸೋಮವಾರ, ಮಂಗಳವಾರಕ್ಕಷ್ಟೇ ಅದರ ಲಾಭ. ಈ ಪತ್ರದಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ಇಟ್ಟುಕೋ: ವ್ಯಾಯಾಮವಿಲ್ಲದೆ ಒಟ್ಟಿಗೆ ಎರಡು ದಿನ ಕಳೆಯಬಾರದು.

‘ತೋಟದಲ್ಲಿ ದಿನವಿಡೀ ಓಡಾಟವೇ ಅಲ್ಲವಾ’ ಅನ್ನುತ್ತೀಯ. ಬೈಕಿನಲ್ಲಿ ಹೋಗಿ, ಸಿಲ್ವರ್ ಮರದ ಕೆಳಗೆ ನಿಂತು ಆಳುಗಳ ಕೆಲಸ ನೋಡಿ, ಮತ್ತೆ ಬೈಕಿನಲ್ಲಿ ಬರುವುದು ಓಡಾಟವಲ್ಲ. ಕುಳಿತಿರುವುದಕ್ಕಿಂತ ವಾಸಿ, ಅಷ್ಟೆ. ಎದೆಬಡಿತ ಏರಬೇಕು. ಗುರುತು ಸುಲಭ: ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು. ನಿನ್ನ 41ನೇ ವಯಸ್ಸಿಗೆ ನಿಮಿಷಕ್ಕೆ ಸುಮಾರು 90ರಿಂದ 125 ಬಡಿತ. ವಾರಕ್ಕೆ ಒಟ್ಟು 150 ನಿಮಿಷ ಹೀಗಾಗಬೇಕು. ಮೊದಲ ವಾರವೇ ಅಷ್ಟಕ್ಕೆ ಹೋಗಬೇಡ. ದಿನಕ್ಕೆ 10 ನಿಮಿಷದಿಂದ ಶುರುಮಾಡಿ ವಾರಕ್ಕೆ 5 ನಿಮಿಷ ಏರಿಸು.

ಹೊತ್ತು ಮುಖ್ಯ. ಉಂಡ ಸುಮಾರು ಒಂದು ಗಂಟೆಗೆ ರಕ್ತದ ಸಕ್ಕರೆ ಮೇಲಕ್ಕೆ ಹೋಗಿರುತ್ತದೆ. ಊಟ ಮುಗಿದ ಅರ್ಧ ಗಂಟೆಯೊಳಗೆ 15 ನಿಮಿಷ ನಡೆದರೆ ಆ ಏರು ತಗ್ಗುತ್ತದೆ. ಬೆಳಗ್ಗೆ ಎಷ್ಟು ನಡೆದರೂ ರಾತ್ರಿ ಹೊಟ್ಟೆ ತುಂಬ ಉಂಡು ನೇರ ಮಲಗಿದರೆ ಆ ರಾತ್ರಿಯ ಸಕ್ಕರೆ ಬೇಗ ಇಳಿಯುವುದಿಲ್ಲ. ಎಲ್ಲ ಊಟದ ನಂತರ ಆಗದಿದ್ದರೆ ದಿನದ ದೊಡ್ಡ ಊಟದ ನಂತರವಾದರೂ ತಪ್ಪಿಸಬೇಡ. ಆದರೆ ನಸುಕಿನಲ್ಲಿ, ಮುಸ್ಸಂಜೆಯ ಮೇಲೆ ತೋಟದ ದಾರಿ ಹಿಡಿಯಬೇಡ. ಆನೆ ಓಡಾಡುವ ಹೊತ್ತು ಅದು. ತಿಂಡಿಯ ನಂತರ, ಮಧ್ಯಾಹ್ನದ ಊಟದ ನಂತರ ಹೊರಗೆ ನಡೆ, ರಾತ್ರಿಯದು ಜಗಲಿಯಲ್ಲೇ ಆಗಲಿ.

ನಮ್ಮ ಊರಿನ ಏರುತಗ್ಗು ಒಂದು ಭಾಗ್ಯ. ಏರು ಹತ್ತುವುದು ಹೃದಯಕ್ಕೆ, ಉಸಿರಿಗೆ ಒಳ್ಳೆಯದು. ಇಳಿಯುವುದು ಕೂಡ ವ್ಯರ್ಥವಲ್ಲ: ಆಸ್ಟ್ರಿಯಾದ ಬೆಟ್ಟಗಳಲ್ಲಿ ಜನರನ್ನು ಒಂದು ದಿಕ್ಕಿಗೆ ನಡೆಸಿ, ಇನ್ನೊಂದು ದಿಕ್ಕಿಗೆ ಕೇಬಲ್ ಕಾರಿನಲ್ಲಿ ಕಳಿಸಿ ಪರೀಕ್ಷಿಸಿದಾಗ, ಹತ್ತಿದವರಲ್ಲಿ ರಕ್ತದ ಕೊಬ್ಬು ಚೆನ್ನಾಗಿ ಕರಗಿತು, ಇಳಿದವರಲ್ಲಿ ಸಕ್ಕರೆ ನಿಭಾಯಿಸುವ ಶಕ್ತಿ ಹೆಚ್ಚಿತು. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುತ್ತದೆ, ಹಾಗಾಗಿ ಅಭ್ಯಾಸವಿಲ್ಲದವನಿಗೆ ಎರಡು ದಿನ ಕಾಲು ಹಿಡಿದುಕೊಳ್ಳುತ್ತದೆ. ಮೊದಮೊದಲು ಚಿಕ್ಕ ಇಳಿಜಾರು, ಚಿಕ್ಕ ಹೆಜ್ಜೆ, ಮೊಣಕಾಲು ಸ್ವಲ್ಪ ಮಡಿಸಿ. ಮೊಣಕಾಲಿನ ಒಳಗೆ ಚುಚ್ಚಿದ ಹಾಗೆ ನೋವಾದರೆ ಸಮತಟ್ಟು ದಾರಿಗೆ ಬಾ.

ಈಗ ಮಳೆಗಾಲದ ಮಾತು. ನಮ್ಮ ಕಡೆ ಎಲ್ಲರ ವ್ಯಾಯಾಮ ಕೆಡುವುದು ಇಲ್ಲೇ. ಮೇ ತಿಂಗಳಲ್ಲಿ ಹುರುಪಿನಿಂದ ಶುರುಮಾಡಿ, ಜುಲೈ-ಆಗಸ್ಟಿನ ಕಕ್ಕಡದ ಮಳೆ ಬಂದಾಗ ನಿಲ್ಲಿಸಿ, ವರ್ಷದ ಕೊನೆಯ ಪುತ್ತರಿ ಹಬ್ಬದ ಹೊತ್ತಿಗೆ ಮತ್ತೆ ಮೊದಲಿನಿಂದ. ನಡುವೆ ನಾಲ್ಕು ತಿಂಗಳು ಹೋಯಿತು. ಎರಡು ವಾರ ಸುಮ್ಮನಿದ್ದರೂ ಗಳಿಸಿದ್ದು ಸೋರಲು ಶುರುವಾಗುತ್ತದೆ. ಆದ್ದರಿಂದ ಮಳೆಗಾಲದ ಕ್ರಮವನ್ನೇ ಮೂಲವಾಗಿ ಇಟ್ಟುಕೋ, ಬಿಸಿಲಿನ ದಿನದ ನಡಿಗೆ ಅದರ ಮೇಲಿನ ಲಾಭ. ಜಗಲಿ 12 ಮೀಟರ್ ಇದ್ದರೆ ಹೋಗಿ ಬರುವುದು 24 ಮೀಟರ್. 15 ನಿಮಿಷದಲ್ಲಿ 45ರಿಂದ 50 ಸುತ್ತು ಆದರೆ ವೇಗ ಸರಿಯಿದೆ. ಬೇಸರವಾದರೆ ಮೆಟ್ಟಿಲು: 1 ನಿಮಿಷ ಹತ್ತಿ ಇಳಿ, 1 ನಿಮಿಷ ನಿಧಾನವಾಗಿ ಓಡಾಡು, ಹೀಗೆ ಹತ್ತು ಸಲ. ಒದ್ದೆ ಮೆಟ್ಟಿಲ ಮೇಲೆ ಮಾತ್ರ ಬೇಡ, ಪಾಚಿ ಕಣ್ಣಿಗೆ ಕಾಣುವುದಿಲ್ಲ.

ನಡಿಗೆಯೊಂದೇ ಸಾಲದು, ಸ್ನಾಯು ಬೆಳೆಯಬೇಕು. ಗೋದಾಮು ದೊಡ್ಡದಾದರೆ ತಾನೆ ಹೆಚ್ಚು ಮೂಟೆ ಹಿಡಿಸುವುದು? ವಾರಕ್ಕೆ ಎರಡು ಅಥವಾ ಮೂರು ದಿನ, ನಡುವೆ ಒಂದು ದಿನ ಬಿಟ್ಟು. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವಾಗ ಮೂರು ಎಣಿಸುತ್ತಾ ಇಳಿಯುವುದು. ಗೋಡೆಗೆ ಅಂಗೈ ಊರಿ ದಂಡ ಹೊಡೆಯುವುದು, ಅದು ಸುಲಭವಾದರೆ ಮೇಜಿಗೆ. ಮೆಟ್ಟಿಲಂಚಿನಲ್ಲಿ ನಿಂತು ಹಿಮ್ಮಡಿ ಎತ್ತುವುದು. ಸೊಂಟದಿಂದ ಮುಂದೆ ಬಾಗಿ, ಬೆನ್ನು ನೇರ ಇಟ್ಟು, 5 ಕೆಜಿ ಅಕ್ಕಿಯ ಚೀಲವನ್ನು ಹೊಟ್ಟೆಯ ಕಡೆ ಎಳೆಯುವುದು, ಒಂದೊಂದು ಕೈಯಲ್ಲಿ. ಪ್ರತಿಯೊಂದನ್ನೂ 10 ಸಲದಂತೆ ಎರಡು ಸುತ್ತು. ಕೊನೆಯ ಎರಡು ಎಣಿಕೆ ಕಷ್ಟವಾಗಬೇಕು. 12 ಸಲೀಸಾಗಿ ಬಂದ ದಿನ ಭಾರ ಹೆಚ್ಚಿಸು. ಎಷ್ಟೋ ಜನ ಮೂರು ತಿಂಗಳು ಅದೇ ಭಾರ ಎತ್ತಿ, ಏನೂ ಆಗಲಿಲ್ಲ ಅನ್ನುತ್ತಾರೆ. ಆಗುವುದಾದರೂ ಹೇಗೆ? ಉಸಿರು ಬಿಗಿಹಿಡಿಯಬೇಡ, ಬಿಪಿ ಥಟ್ಟನೆ ಏರುತ್ತದೆ. ಎತ್ತುವಾಗ ಬಿಡು, ಇಳಿಸುವಾಗ ತೆಗೆದುಕೋ.

ಲೆಕ್ಕ ಬರೆಯಲು ಕೂತಾಗ ಅರ್ಧ ಗಂಟೆಗೊಮ್ಮೆ ಎದ್ದು ಎರಡು ನಿಮಿಷ ಓಡಾಡು. ಇದಕ್ಕೆ ಖರ್ಚೂ ಇಲ್ಲ, ಬೆವರೂ ಇಲ್ಲ.

ತೂಕದ ಮಷೀನು ನೋಡಿ ಮನಸ್ಸು ಕೆಡಿಸಿಕೊಳ್ಳಬೇಡ. ಚೆನ್ನೈಯಲ್ಲಿ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ನಿನ್ನ ಹಾಗೆ ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಮೂರು ವರ್ಷದಲ್ಲಿ, ಸಾಮಾನ್ಯ ಸಲಹೆಯಷ್ಟೇ ಪಡೆದವರಲ್ಲಿ 100ಕ್ಕೆ 55 ಜನ ಮಧುಮೇಹಿಗಳಾದರು. ನಡಿಗೆ, ಊಟದ ಕ್ರಮ ಪಾಲಿಸಿದವರಲ್ಲಿ 39. ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ, ಆದರೂ ಈ ಫಲ. ನೀನು ತಿಂಗಳಿಗೊಮ್ಮೆ ಟೇಪಿನಲ್ಲಿ ಸೊಂಟ ಅಳೆ, ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟ ಮೇಲೆ. ಹಾಗಂತ ತೂಕ ಇಳಿದರೆ ಬೇಡವೇ? 78 ಕೆಜಿಯಲ್ಲಿ 5 ಇಳಿದರೂ ಲಿವರಿನ ಕೊಬ್ಬು ಎಷ್ಟೋ ಕರಗುತ್ತದೆ.

ಊಟದ ಬಗ್ಗೆ ಎರಡೇ ಮಾತು. ಬೆಲ್ಲದ ಕಾಪಿ ಬಿಡು. ಲೋಟಕ್ಕೆ 10 ಗ್ರಾಂ ಬೆಲ್ಲವೆಂದರೂ ನಾಲ್ಕು ಲೋಟಕ್ಕೆ 40 ಗ್ರಾಂ, ಅರ್ಧ ಗಂಟೆಯ ನಡಿಗೆ ಅಲ್ಲೇ ತೀರಿತು. ಬೆಲ್ಲವೂ ಸಕ್ಕರೆಯೇ. ಪಂದಿಕರಿಯ ಜೊತೆ ಆರು ಕಡಂಬಟ್ಟು (ಅಕ್ಕಿತರಿಯ ಉಂಡೆ) ಹಾಕಿಕೊಳ್ಳುವಲ್ಲಿ ಮೂರು ಸಾಕು, ಮೊದಲು ಸೊಪ್ಪು, ಕಾಳು, ಮಾಂಸ ತಿಂದು ಆಮೇಲೆ ಅದನ್ನು ಮುಟ್ಟು. ಸಂಜೆಯ ಗ್ಲಾಸಿನ ಬಗ್ಗೆ ಬೇರೆ ಹೇಳಬೇಕಿಲ್ಲ, ಅದು ಹೋಗುವುದು ಅದೇ ಲಿವರಿಗೆ.

ಶುರುಮಾಡುವ ಮುಂಚೆ ಡಾಕ್ಟರ ಹತ್ತಿರ ಬಿಪಿ ನೋಡಿಸಿ, ಇಸಿಜಿ ಬೇಕೇ ಅಂತ ಕೇಳು. ನಡೆಯುವಾಗ ಎದೆ ಹಿಡಿದ ಹಾಗೆ, ದವಡೆ ಅಥವಾ ಎಡಗೈಗೆ ನೋವು ಹರಿದ ಹಾಗೆ, ಕಣ್ಣು ಕತ್ತಲಾದ ಹಾಗೆ ಅನ್ನಿಸಿದರೆ ಅಲ್ಲೇ ನಿಲ್ಲಿಸಿ ಆಸ್ಪತ್ರೆಗೆ ಹೋಗು, ಗ್ಯಾಸು ಅಂತ ಮನೆಯಲ್ಲಿ ಕೂರಬೇಡ. ಗಂಬೂಟಿನಿಂದ ಕಾಲು ತೆಗೆದ ಮೇಲೆ ಬೆರಳ ಸಂದು ಒಣಗಿಸಿ, ಜಿಗಣೆ ಕಚ್ಚಿದ ಗಾಯ ತೊಳೆದು ನೋಡು.

ಎಚ್‌ಬಿಎ1ಸಿ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಹೇಳುತ್ತದೆ, ಆದ್ದರಿಂದ ತಿಂಗಳಿಗೇ ಓಡಬೇಡ. ಕೈಲ್ ಪೊಳ್ದ್ ಸೆಪ್ಟೆಂಬರ್ 3ಕ್ಕೆ. ಹಬ್ಬ ಕಳೆದು ಒಂದು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ, ರಾತ್ರಿ ಊಟದ ನಂತರ 8 ಗಂಟೆಗೆ ಕಡಿಮೆಯಿಲ್ಲದೆ ಉಪವಾಸವಿದ್ದು ರಕ್ತ ಕೊಡು. ಜೊತೆಗೆ ಹಿಮೋಗ್ಲೋಬಿನ್ ಕೂಡ ಮಾಡಿಸು. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಎರಡೂ ಕಾಗದ ಕಳಿಸು, ಸೊಂಟದ ಅಳತೆಯನ್ನೂ ಬರೆ.

ಇಂತಿ ನಿನ್ನ
ದೊಡ್ಡಪ್ಪ